ರೇಷ್ಮೆಯಲ್ಲಿ ಒರೆಸಿದ ಇಂಜಿನ್

ಬೈರೇಶ್ ತೀರಿಕೊಂಡ ಮೇಲೆ ಊರಿನವರು ಅವನ ಬಗ್ಗೆ ಆಡುತ್ತಿರುವ ಒಳ್ಳೆಯ ಮಾತುಗಳಲ್ಲಿ ಅರ್ಧದಷ್ಟು ಅವನಿಗೆ ಸಲ್ಲುವುದಿಲ್ಲ. ಸಾಧು ಮನುಷ್ಯ, ಎಂದೂ ತಲೆಯೆತ್ತಿ ಮಾತಾಡಿದವನಲ್ಲ ಎನ್ನುತ್ತಾರೆ. ಸತ್ತವರ ಮೇಲೆ ಹೂವು ಹಾಕುವಾಗ ಯಾವ ಹೂವೆಂದು ಯಾರೂ ನೋಡುವುದಿಲ್ಲ. ನಿಜ ಹೇಳಬೇಕೆಂದರೆ ಬೈರೇಶ್ ಜಂಬದ ಮನುಷ್ಯ. ಆ ಜಂಬವನ್ನು ಹೊರುವಷ್ಟು ಗಟ್ಟಿ ಕೈ ಅವನಿಗಿತ್ತು, ಅಷ್ಟೆ. ಅವನನ್ನು ಸಾಧುವೆಂದು ನೆನೆದರೆ ಅವನು ಇನ್ನೊಂದು ಸಲ ಸತ್ತಂತೆ.

ದೊಡ್ಡಆಲಹಳ್ಳಿಯಲ್ಲಿ ರಸ್ತೆ ಬದಿಗೆ ಅವನ ಅಂಗಡಿ. ಮೇಲೆ ಶೀಟು, ಮುಂದೆ ಒಂದು ಹೊಂಗೆ ಮರ, ಮರದ ಕೆಳಗೆ ಗಿರಾಕಿಗಳು ಕೂರಲು ಒಂದು ಚಪ್ಪಡಿ. ಜೊತೆಗಾರ ಸಾಬೀರ್ ರಾಮನಗರದವನು. ಇಬ್ಬರೂ ಕನಕಪುರದಲ್ಲಿ ಐಟಿಐ ಓದುವಾಗ ಒಂದೇ ಬೆಂಚಿನಲ್ಲಿ ಕೂತವರು, ಒಂದೇ ಲಾಂಗ್ ಬುಕ್ಕಿನಲ್ಲಿ ಬರೆದುಕೊಂಡವರು. ಬೈರೇಶನ ಕಡೆಯವರು ಉಯ್ಯಂಬಳ್ಳಿಯಿಂದಾಚೆ ಕಾಡಂಚಿನ ಕರಿಕಲ್ಲುದೊಡ್ಡಿಯಲ್ಲಿ ಕುರಿ ಸಾಕುವವರು. ಅವನ ದೊಡ್ಡಪ್ಪ ಹೊನ್ನಯ್ಯನಿಗೆ ತಮ್ಮನ ಮಗ ಕುರಿ ಬಿಟ್ಟು ಸ್ಪ್ಯಾನರ್ ಹಿಡಿದದ್ದು ಕೊನೆಯವರೆಗೂ ಒಂದು ತಮಾಷೆಯೇ ಆಗಿತ್ತು. ಅಂಗಡಿಗೆ ಬಂದಾಗಲೆಲ್ಲ ಬಿಚ್ಚಿಟ್ಟ ಗಾಡಿಗಳನ್ನು ನೋಡಿ, "ಎಷ್ಟು ಈದವ್ಲಾ ನಿನ್ನ ಕಬ್ಬಿಣದ ಕುರಿಗಳು?" ಎಂದು ಕೇಳುವನು.

ಬೈರೇಶನಿಗೆ ಎರಡು ನಿಯಮಗಳಿದ್ದವು. ಇಂಜಿನ್ ಬಿಚ್ಚಿ ಕಟ್ಟಿದ ಮೇಲೆ ಮೊದಲ ಕಿಕ್ ಗಾಡಿಯ ಯಜಮಾನನದೇ ಆಗಬೇಕು. ಅವನು ಒದೆಯುತ್ತಿರಲಿಲ್ಲ, ಸಾಬೀರನಿಗೂ ಬಿಡುತ್ತಿರಲಿಲ್ಲ. "ನಾನು ಒದ್ದರೆ ನನ್ನ ಮಾತು ಕೇಳ್ತದೆ. ನಾಳೆ ದಾರೀಲಿ ನಾನಿರಾಕಿಲ್ಲ, ನಿನ್ನ ಮಾತು ಕೇಳಬೇಕು" ಎನ್ನುವನು. ಮುದುಕರಾದರೂ ಸರಿ, ಪಂಚೆ ಎತ್ತಿ ಕಟ್ಟಿ ಒದೆಯಬೇಕಿತ್ತು. ಎರಡನೆಯದು ನಿಯಮಕ್ಕಿಂತ ಹೆಚ್ಚಾಗಿ ಜಂಬ: ತಾನು ಮುಚ್ಚಿದ ಇಂಜಿನ್ನನ್ನು ಅದೇ ರಿಪೇರಿಗೆ ತಾನೇ ಮತ್ತೆ ಬಿಚ್ಚಿಲ್ಲ ಎಂಬುದು. ಟೀ ಕುಡಿಯುವಾಗ, ಗ್ರೀಸ್ ಒರೆಸಿಕೊಳ್ಳುವಾಗ, ಕೇಳಿದವರಿಗೆ, ಕೇಳದವರಿಗೆ ಅದನ್ನು ಹೇಳಿಯೇ ಹೇಳುವನು.

ಆ ಬೇಸಿಗೆಯಲ್ಲಿ ಮಾನ್ಯ ತನ್ನ ಡರ್ಟ್ ಬೈಕನ್ನು ತಳ್ಳಿಕೊಂಡು ಬಂದಳು. ಮಾನ್ಯ ಉಯ್ಯಂಬಳ್ಳಿ ಕಡೆಯ ಹುಡುಗಿ. ಬಿ.ಎಸ್ಸಿ. ಮುಗಿಸಿ, ಪಶು ಆರೈಕೆಯ ತರಬೇತಿ ಪಡೆದು, ಕಾಡಂಚಿನ ದೊಡ್ಡಿಗಳಲ್ಲಿ ಕುರಿ ಮೇಕೆಗಳಿಗೆ ಲಸಿಕೆ ಹಾಕುವ ಕೆಲಸಕ್ಕೆ ಸೇರಿದ್ದಳು. ಅಲ್ಲಿಗೆ ಹೋಗುವ ದಾರಿಯಲ್ಲಿ ಸ್ಕೂಟರು ಅರ್ಧಕ್ಕೇ ಕೂರುತ್ತದೆ. ಆದ್ದರಿಂದ ರಾಮನಗರದ ಬೆಟ್ಟಗಳಲ್ಲಿ ಶೋಕಿಗೆ ಓಡಿಸುತ್ತಿದ್ದ ಯಾರೋ ಒಬ್ಬನಿಂದ ಹಳೆಯ ಡರ್ಟ್ ಬೈಕ್ ಕೊಂಡಿದ್ದಳು. ಎತ್ತರದ ಗಾಡಿ, ಕಟ್ಟುಮಸ್ತಾದ ಟೈರು, ಕಿಕ್ಕಿನಲ್ಲಿ ಮಾತ್ರ ಏಳುವ ಫೋರ್ ಸ್ಟ್ರೋಕ್ ಇಂಜಿನ್. ಹಿಂದೆ ಲಸಿಕೆಯ ಐಸ್ ಪೆಟ್ಟಿಗೆ ಕಟ್ಟಲು ತಾನೇ ಕಬ್ಬಿಣದ ಕ್ಯಾರಿಯರ್ ಮಾಡಿಸಿದ್ದಳು.

"ಹೊಗೆ ಉಗುಳ್ತೈತೆ ಅಣ್ಣ. ಬಿಸಿಯಾದಾಗ ನಿಂತ್ರೆ ಮತ್ತೆ ಏಳಾಕಿಲ್ಲ" ಎಂದಳು.

"ಎಲ್ಲಿ ನಿಲ್ತು?"

"ಹುಣಿಸೆಹಳ್ಳದಲ್ಲಿ."

ಬೈರೇಶ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಹುಣಿಸೆಹಳ್ಳ ಕರಿಕಲ್ಲುದೊಡ್ಡಿಗೆ ಹೋಗುವ ದಾರಿಯಲ್ಲಿ ಸಿಗುವ ತಗ್ಗು. ಎರಡೂ ಕಡೆ ಬಿದಿರು, ನಡುವೆ ಮರಳು. ಆನೆಗಳು ನೀರಿಗೆ ದಾಟುವ ಜಾಗ. ಅವನು ಚಿಕ್ಕಂದಿನಲ್ಲಿ ದೊಡ್ಡಪ್ಪನ ಜೊತೆ ಆ ಹಳ್ಳವನ್ನು ಬರಿಗಾಲಲ್ಲಿ ದಾಟಿದವನು. ಅಲ್ಲಿ ಕುರಿಗಳೂ ಕೆಮ್ಮುವುದಿಲ್ಲ.

"ಒದ್ದೆ, ಒದ್ದೆ, ಕಾಲು ಸೋತು ಓಯ್ತು" ಎಂದಳು ಮಾನ್ಯ. "ಬಿದಿರು ಮುರಿಯೋ ಸದ್ದು ಕೇಳ್ತಿತ್ತು. ಕೊನೆಗೆ ಗಾಡಿ ಅಲ್ಲೇ ಬುಟ್ಟು ಐಸ್ ಪೆಟ್ಗೆ ತಲೆ ಮೇಲೆ ಹೊತ್ಕೊಂಡು ಓಡ್ದೆ."

"ಗಾಡಿ ಬುಟ್ಟು ಪೆಟ್ಗೆ ಹೊತ್ಕೊಂಡ?" ಎಂದ ಸಾಬೀರ್.

"ಗಾಡೀನ ಆನೆ ತಿನ್ನಾಕಿಲ್ಲ ಸಾಬೀರಣ್ಣ. ಲಸಿಕೆ ಬಿಸಿಲಿಗೆ ಕೆಡ್ತದೆ."

ಮುಂಗಾರು ಬಿದ್ದು ಹೊಸ ಹುಲ್ಲು ಚಿಗುರಿದರೆ ಕುರಿಗಳು ಆಸೆಬಿದ್ದು ಮೇಯುತ್ತವೆ. ಆಗ ಕರುಳುಬೇನೆ ಬರುತ್ತದೆ. ಸಂಜೆ ಮೇದು ಬಂದ ಕುರಿ ಬೆಳಿಗ್ಗೆ ಕಾಲು ಚಾಚಿರುತ್ತದೆ. ಹುಲ್ಲಿಗಿಂತ ಮೊದಲು ಲಸಿಕೆ ಮುಟ್ಟಬೇಕು. ಮಳೆಗೆ ಇನ್ನು ಹೆಚ್ಚು ದಿನವಿರಲಿಲ್ಲ. ಮಾನ್ಯಳಿಗೆ ಬೇಕಾದದ್ದು ಒಂದೇ: ಹುಣಿಸೆಹಳ್ಳದಲ್ಲಿ ನಿಲ್ಲದ, ನಿಂತರೂ ಒಂದೇ ಒದೆತಕ್ಕೆ ಏಳುವ ಇಂಜಿನ್.

"ಬುಟ್ಟೋಗು" ಎಂದ ಬೈರೇಶ್. "ನನ್ನ ಕೈಗೆ ಬಂದೈತಲ್ಲ, ಇನ್ನು ಆನೆ ಬಂದು ದಾರಿ ಕೇಳ್ಕೊಂಡು ಓಗ್ತದೆ."

ಇಂಜಿನ್ ಬಿಚ್ಚಿದಾಗ ಬೈರೇಶನಿಗೆ ಅದರ ಪೂರ್ತಿ ಕಥೆ ಗೊತ್ತಾಯಿತು. ಅವನು ಇಂಜಿನ್ ಬಿಚ್ಚುವುದನ್ನು ನೋಡುವುದೇ ಒಂದು ಸುಖ. ಅವಸರವಿಲ್ಲ, ಬಡಿತವಿಲ್ಲ. ಬಿಚ್ಚಿದ ಬೋಲ್ಟುಗಳನ್ನು ಯಾವ ತೂತಿನದು ಯಾವುದೆಂದು ತಿಳಿಯುವಂತೆ ರಟ್ಟಿನಲ್ಲಿ ಚುಚ್ಚಿ ನಿಲ್ಲಿಸುವನು. ಮೊದಲು ಇಂಜಿನ್ನಿನ ತಲೆಯಾದ ಹೆಡ್, ಆಮೇಲೆ ಪಿಸ್ಟನ್ ಓಡಾಡುವ ಬೋರ್, ಆಮೇಲೆ ಪಿಸ್ಟನ್. ಗಾಳಿ ಸೋಸುವ ಫಿಲ್ಟರ್ ಹರಿದಿದ್ದು, ಬಂಡೆ ಕ್ವಾರಿಗಳ ಧೂಳೆಲ್ಲ ಒಳಗೆ ಹೋಗಿತ್ತು. ಬೋರಿನ ಗೋಡೆಯ ಮೇಲೆ ಉದ್ದುದ್ದ ಗೀರುಗಳು. ಪಿಸ್ಟನ್ನಿನ ರಿಂಗುಗಳು ಸವೆದು ಬಾಯಿ ಬಿಟ್ಟಿದ್ದವು. ಹೊಗೆ ಹೊರಗೆ ಹೋಗುವ ವಾಲ್ವು ತನ್ನ ಪೀಠದ ಮೇಲೆ ಸರಿಯಾಗಿ ಕೂರದೆ ಸುಟ್ಟಿತ್ತು.

"ಬಾಯೂ ಮುಚ್ಚಾಕಿಲ್ಲ, ಉಸಿರೂ ಹಿಡಿಯಾಕಿಲ್ಲ. ಎಂಗೆ ಏಳ್ತದೆ ಪಾಪ" ಎಂದ.

ಬೋರನ್ನು ಕನಕಪುರದ ಲೇತಿಗೆ ಒಯ್ದು ಒಂದು ಸೈಜು ದೊಡ್ಡದು ಮಾಡಿಸಿದ. ಅದಕ್ಕೆ ಹೊಂದುವ ಹೊಸ ಪಿಸ್ಟನ್, ಹೊಸ ರಿಂಗು ಬಂದವು. ವಾಲ್ವುಗಳಿಗೆ ಉಜ್ಜುವ ಪೇಸ್ಟ್ ಹಚ್ಚಿ, ವಾಲ್ವಿಗೆ ಅಂಟಿಸಿದ ಕಡ್ಡಿಯನ್ನು ಎರಡು ಅಂಗೈಗಳ ನಡುವೆ ಮಜ್ಜಿಗೆ ಕಡೆಯುವಂತೆ ತಿರುಗಿಸಿ ಉಜ್ಜಿದ. ಈ ಕಡ್ಡಿಗೆ ಚನ್ನಪಟ್ಟಣದ ಬೊಂಬೆ ಮಾಡುವವರೊಬ್ಬರಿಂದ ಆಲೆಮರದ ಹಿಡಿ ಕಡೆಸಿಕೊಂಡಿದ್ದ. ಕೆಂಪು ಅರಗಿನ ಬಣ್ಣದ ಹಿಡಿ. ಅಷ್ಟು ನುಣುಪಾದ ಹಿಡಿ ಜಿಲ್ಲೆಯ ಯಾವ ಮೆಕ್ಯಾನಿಕ್ಕಿನ ಹತ್ತಿರವೂ ಇಲ್ಲ ಎನ್ನುವುದು ಅವನ ಇನ್ನೊಂದು ಜಂಬ. ಉಜ್ಜಿದ ಮೇಲೆ ವಾಲ್ವಿನ ಹಿಂದೆ ಪೆಟ್ರೋಲ್ ಹುಯ್ದು ನೋಡಿದ. ಒಂದು ತೊಟ್ಟೂ ಇಳಿಯಲಿಲ್ಲ.

ಒರೆಸುವ ಕೆಲಸಕ್ಕೆ ಬೇರೆ ಮೆಕ್ಯಾನಿಕ್ಕುಗಳು ಬನಿಯನ್ ಕಾರ್ಖಾನೆಯ ಚೂರುಬಟ್ಟೆ ತರುತ್ತಾರೆ. ಬೈರೇಶನ ಅಂಗಡಿಯಲ್ಲಿ ರೇಷ್ಮೆ. ಸಾಬೀರನ ತಾಯಿ ಅಮೀರುನ್ನೀಸಾ ರಾಮನಗರದಲ್ಲಿ ಗೂಡಿನಿಂದ ನೂಲು ಬಿಚ್ಚುವ ಕೆಲಸದವರು. ನೂಲು ತೆಗೆದ ಮೇಲೆ ಸಿಕ್ಕುಸಿಕ್ಕಾಗಿ ಉಳಿಯುವ ರೇಷ್ಮೆಯಲ್ಲಿ ಒಂದಿಷ್ಟನ್ನು ಸಾಬೀರ್ ವಾರಕ್ಕೊಮ್ಮೆ ಚೀಲದಲ್ಲಿ ತರುತ್ತಿದ್ದ. ಎಣ್ಣೆ ಹೀರುತ್ತದೆ, ಲೋಹವನ್ನು ಗೀರುವುದಿಲ್ಲ, ಹೊಳಪು ಕೊಡುತ್ತದೆ.

ಗಾಡಿ ನೋಡಲು ಬಂದ ಮಾನ್ಯ ಅದನ್ನು ಕೈಗೆತ್ತಿಕೊಂಡು, "ರೇಷ್ಮೇನಾ ಅಣ್ಣ ಇದು?" ಎಂದಳು.

"ಬನಿಯನ್ ಚೂರಲ್ಲಿ ಒರೆಸೋದು ಬೇರೆ ಸೀಮೆಯೋರು ಕಣವ್ವ. ರೇಷ್ಮೆ ಸೀಮೇಲಿ ಇಂಜಿನ್ನಿಗೂ ರೇಷ್ಮೇನೇ. ಮದುವಣಗಿತ್ತಿ ಇದ್ದಂಗೆ ಓಯ್ತದೆ ನಿನ್ನ ಗಾಡಿ."

ಅಂದು ಅವನು ಇನ್ನೂ ಒಂದು ಕೆಲಸ ಮಾಡಿದ. ಇಂಜಿನ್ನಿನ ತಳದಿಂದ ತಲೆಯವರೆಗೆ ಎಣ್ಣೆ ಏರುವ ಸಣ್ಣ ತೂತುಗಳಿರುತ್ತವೆ. ಅವುಗಳಿಗೆ ಗಾಳಿ ಹೊಡೆದರೆ ಸಾಕು. ಆದರೆ ಮಾನ್ಯ ನೋಡುತ್ತಿದ್ದಾಳೆ, ಕೈಯಲ್ಲಿ ರೇಷ್ಮೆಯಿದೆ. ತೆಳು ತಂತಿಯ ತುದಿಗೆ ರೇಷ್ಮೆ ಸುತ್ತಿ, ಸೂಜಿಗೆ ದಾರ ಪೋಣಿಸಿದಂತೆ ತೂತಿನೊಳಗೆ ತೂರಿಸಿ ಆ ಕಡೆಯಿಂದ ಎಳೆದ. ಬೆಳಕಿಗೆ ಹಿಡಿದು ತೋರಿಸಿದ. ತೂತು ಕನ್ನಡಿಯಂತೆ ಹೊಳೆಯಿತು.

ಇಂಜಿನ್ ಕಟ್ಟಿ ಮುಗಿದ ಮೇಲೆ ಮಾನ್ಯ ಮೊದಲ ಕಿಕ್ ಹೊಡೆದಳು. ಇಂಜಿನ್ ಒಂದೇ ಒದೆತಕ್ಕೆ ಎದ್ದಿತು. ಹೊಗೆಯಿಲ್ಲ, ಕೆಮ್ಮಿಲ್ಲ. ಸಾಬೀರ್ ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದು ತೋರಿಸಿದ. ಕೈಗೆ ಎಣ್ಣೆ ಅಂಟಿರಲಿಲ್ಲ. ಬೈರೇಶ್ ಆಗಲೇ ಸ್ಪ್ಯಾನರುಗಳನ್ನು ಒರೆಸಿಡುತ್ತಿದ್ದ. ಅವನು ಸುಮ್ಮನಿದ್ದರೆ ಅದು ಅವನ ಜಂಬದಲ್ಲೆಲ್ಲ ದೊಡ್ಡ ಜಂಬ ಎಂದು ಬಲ್ಲವರು ಬಲ್ಲರು.

ಹೊಸ ರಿಂಗು ಬೋರಿಗೆ ಹೊಂದಿಕೊಳ್ಳುವವರೆಗೆ ಮೆತ್ತಗೆ ಓಡಿಸು ಎಂದು ಹೇಳಿ ಕಳಿಸಿದ. ಮಾನ್ಯ ಹಾಗೆಯೇ ಊರ ರಸ್ತೆಗಳಲ್ಲಿ ಓಡಿಸಿ, ಕೆಲವು ದಿನ ಬಿಟ್ಟು ಬಂದಳು.

"ಅಣ್ಣ, ಮೇಲುಗಡೆಯಿಂದ ಏನೋ ಸದ್ದು. ಗಡಿಯಾರ ಇದ್ದಂಗೆ."

"ಟ್ಯಾಪೆಟ್ಟು" ಎಂದ ಬೈರೇಶ್. ಸಣ್ಣ ಮುಚ್ಚಳ ತೆಗೆದು, ವಾಲ್ವನ್ನು ಒತ್ತುವ ಟ್ಯಾಪೆಟ್ಟಿನ ಸಂದಿನ ಅಳತೆ ಸರಿಮಾಡಿದ. ಸದ್ದು ಅಡಗಿತು. ಎರಡೇ ದಿನದಲ್ಲಿ ಅವಳು ಮತ್ತೆ ಬಂದಳು. ಸದ್ದು ಈಗ ಗಡಿಯಾರದಂತಿರಲಿಲ್ಲ, ಯಾರೋ ಬಾಗಿಲು ತಟ್ಟುವಂತಿತ್ತು.

"ಬಿಚ್ಚಾಣ" ಎಂದ ಸಾಬೀರ್.

"ಹೊಸ ಇಂಜಿನ್ನು ಒಸಿ ಸದ್ದು ಮಾಡ್ತದೆ. ಸೆಟ್ ಆಯ್ತದೆ."

"ಹೆಡ್ಡಲ್ಲಿ ಹೊಸದೇನೈತೆ? ಪಿಸ್ಟನ್ ಕೆಳಗೈತೆ, ಸದ್ದು ಮೇಲೈತೆ. ನಿನಗ್ಗೊತ್ತು ಅದು."

"ನಾನು ಮುಚ್ಚಿದ್ದನ್ನ ನಾನು ಬಿಚ್ಚಿದ್ದು ನೋಡಿದ್ದೀಯೇನ್ಲಾ ನೀನು?"

"ಇಲ್ಲ. ನೋಡಾಣ ಅಂತಾನೇ ಕೇಳ್ತಿರೋದು."

ಮಾನ್ಯ ಚಪ್ಪಡಿಯ ಮೇಲೆ ಕೂತು ಇಬ್ಬರನ್ನೂ ನೋಡುತ್ತಿದ್ದಳು. "ಲಸಿಕೆ ಬಂದೈತೆ ಅಣ್ಣ" ಎಂದಳು. "ಸೋಮವಾರ ಕರಿಕಲ್ಲುದೊಡ್ಡಿಗೆ ಓಗ್ಬೇಕು. ಓಗ್ಬೋದು ಅಂದ್ರೆ ಓಯ್ತೀನಿ."

ಆಕಾಶದ ಒಂದು ಮೂಲೆಯಲ್ಲಿ ಮೋಡ ಕಟ್ಟಿತ್ತು. ಬೈರೇಶ್ ಉದ್ದನೆಯ ಸ್ಕ್ರೂಡ್ರೈವರ್ ತೆಗೆದುಕೊಂಡ. ಅವಳಿಗೆ ಗಾಡಿ ಸ್ಟಾರ್ಟ್ ಮಾಡಲು ಹೇಳಿ, ತುದಿಯನ್ನು ಇಂಜಿನ್ನಿನ ತಲೆಗೆ ಒತ್ತಿ, ಹಿಡಿಗೆ ಕಿವಿ ಕೊಟ್ಟ. ವೈದ್ಯರು ಎದೆಗೆ ಸ್ಟೆತಸ್ಕೋಪ್ ಇಟ್ಟಂತೆ. ಒಳಗೆ ಲೋಹಕ್ಕೆ ಲೋಹ ತಾಗುವ ಒಣ ಸದ್ದು ಕೇಳಿತು. ಎಣ್ಣೆಯಿರುವ ಕಡೆ ಆ ಸದ್ದು ಬರುವುದಿಲ್ಲ. ಹೀಗೆಯೇ ಓಡಿದರೆ ಒಂದು ದಿನ ಬಿಸಿಯೇರಿ, ತಿರುಗದಂತೆ ಹಿಡಿದುಕೊಳ್ಳುತ್ತದೆ. ಎಲ್ಲಿ ಹಿಡಿದುಕೊಳ್ಳುತ್ತದೆ ಎಂದು ಹೇಳುವವರಿಲ್ಲ. ಆದರೆ ಮರಳಲ್ಲಿ ಚಕ್ರ ಹೂತು ಇಂಜಿನ್ ದುಡಿಯುವ ಜಾಗ ಆ ದಾರಿಯಲ್ಲಿ ಒಂದೇ ಇತ್ತು.

ಓಗ್ಬೋದು ಎಂಬ ಒಂದು ಮಾತು ಅವನ ಬಾಯಿಯ ತುದಿಯಲ್ಲೇ ಇತ್ತು. ಹೇಳಿದ್ದರೆ ಅವಳು ನಂಬುತ್ತಿದ್ದಳು. ಅದೇ ಅವನನ್ನು ತಡೆಯಿತು. ಮುಂದೆ ಎಷ್ಟೋ ಸಲ ಅವನೇ ಇದನ್ನು ಹೇಳಿಕೊಂಡಿದ್ದಾನೆ: "ಅವಳು ನಂಬದೆ ಇದ್ದಿದ್ರೆ ಜಗಳಾಡಿ ಕಳಿಸ್ಬುಡ್ತಿದ್ದೆ ಕಣಪ್ಪ. ನಂಬ್ತಾಳಲ್ಲ, ಏನ್ಮಾಡೋದು."

ಸ್ಕ್ರೂಡ್ರೈವರ್ ಇಳಿಸಿ, "ಆಫ್ ಮಾಡವ್ವ" ಎಂದ. ಆಮೇಲೆ ಸಾಬೀರನ ಕಡೆ ನೋಡದೆ, "ಸ್ಪ್ಯಾನರ್ ಕೊಡ್ಲಾ" ಎಂದ.

ಹೆಡ್ ಬಿಚ್ಚಿದ. ವಾಲ್ವುಗಳನ್ನು ಏಳಿಸಿ ಇಳಿಸುವ, ಮೊಟ್ಟೆಯಂಥ ಉಬ್ಬುಗಳಿರುವ ಕಬ್ಬಿಣದ ದಂಡಕ್ಕೆ ಕ್ಯಾಮ್ ಎನ್ನುತ್ತಾರೆ. ಆ ಕ್ಯಾಮಿನ ಒಂದು ಉಬ್ಬು ಬೆಂದು ನೀಲಿಯಾಗಿ, ನಾಯಿ ಕಚ್ಚಿದ ಮೂಳೆಯಂತಾಗಿತ್ತು. ಎಣ್ಣೆ ಬರುವ ತೂತು ಒಣಗಿತ್ತು. ಬೈರೇಶ್ ಅದರೊಳಗೆ ತೆಳು ತಂತಿ ಬಿಟ್ಟು ಕೊಂಡಿ ಮಾಡಿ ಮೆಲ್ಲಗೆ ಎಳೆದ. ಮೊದಲು ಏನೂ ಬರಲಿಲ್ಲ. ಎರಡನೆಯ ಸಲ ತಂತಿಯ ತುದಿಗೆ ಎಣ್ಣೆಯಲ್ಲಿ ನೆನೆದ ಒಂದು ಸಣ್ಣ ಉಂಡೆ ಬಂತು. ಪೆಟ್ರೋಲಿನಲ್ಲಿ ಅದ್ದಿ ಬೆಳಕಿಗೆ ಹಿಡಿದ. ರೇಷ್ಮೆ. ಹತ್ತಿಯಾಗಿದ್ದರೆ ತುಂಡಾಗಿ ಎಲ್ಲಾದರೂ ಸೋಸಿಹೋಗುತ್ತಿತ್ತೋ ಏನೋ. ಇದು ತುಂಡಾಗಿರಲಿಲ್ಲ, ಕರಗಿರಲಿಲ್ಲ, ಬೆಂದಿರಲಿಲ್ಲ. ತೂತಿನ ಬಾಯಿಯಲ್ಲಿ ಸುತ್ತಿಕೊಂಡು ಕೂತಿತ್ತು. ಹುಳು ಗೂಡು ಕಟ್ಟಿದಂತೆ.

ಬೈರೇಶ್ ಅದನ್ನು ಅಂಗೈ ಮೇಲೆ ಬಿಡಿಸಿದ. ನಂತರ, "ಮಾನ್ಯಾ, ಬಾ ಇಲ್ಲಿ" ಎಂದ. "ನಿನ್ನ ಇಂಜಿನ್ ಕೆಡಿಸಿದೋನು ನಾನೇ ಕಣವ್ವ. ಧೂಳಲ್ಲ, ಎಣ್ಣೆಯಲ್ಲ. ನಾನು. ನೀನು ನೋಡ್ತಿದ್ದೀಯ ಅಂತ ಮೆರೆದೆ ನೋಡು ಅವತ್ತು, ಅದೇ ಇದು."

ಮಾನ್ಯ ಎಳೆಯನ್ನು ಉಗುರಿನಲ್ಲಿ ಹಿಡಿದು ನೋಡಿದಳು. "ಮದುವಣಗಿತ್ತಿ ಸೆರಗು ಸಿಕ್ಕಾಕ್ಕೊಂಡೈತೆ" ಎಂದಳು.

ಸಾಬೀರ್ ನಕ್ಕ. ಬೈರೇಶನೂ ನಕ್ಕ. ಆ ನಗು ಒಂದು ಕ್ಷಣ ತಡವಾಗಿ ಬಂತು, ಆದರೆ ಪೂರ್ತಿಯಾಗಿ ಬಂತು. ವಿಷಯ ತಿಳಿದು ಅಮೀರುನ್ನೀಸಾ ಮಗನ ಕೈಯಲ್ಲಿ ಹೇಳಿಕಳಿಸಿದ ಮಾತೂ ಅಂಥದ್ದೇ: "ನಾನು ದಿನಾ ಕುದಿಯೋ ನೀರಲ್ಲಿ ಕೈಯಾಡಿಸಿ ಎಳೆಯ ತುದಿ ಹುಡುಕ್ತೀನಿ, ಸಿಗಾಕಿಲ್ಲ. ಅವನು ಇಂಜಿನ್ನಲ್ಲಿ ಬಚ್ಚಿಟ್ಟು ಸೋಮವಾರದೊಳಗೆ ಹುಡುಕಿದ್ನಾ? ಕೈ ಪರವಾಗಿಲ್ಲ."

ಸೋಮವಾರಕ್ಕೆ ಉಳಿದಿದ್ದು ಮೂರು ದಿನ. ಸಾಬೀರ್ ಬೆಳಗಿನ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ಹೊಸ ಕ್ಯಾಮ್ ತಂದ. ಬೈರೇಶ್ ಅಷ್ಟರಲ್ಲಿ ಇಂಜಿನ್ನನ್ನು ಕಟ್ಟಕಡೆಯ ಬೋಲ್ಟಿನವರೆಗೆ ಬಿಚ್ಚಿದ್ದ. ಹೆಡ್ ಒಂದೇ ಬಿಚ್ಚಿದರೆ ಸಾಕಿತ್ತು ಎಂದು ಸಾಬೀರ್ ಹೇಳಿದ. ಒಂದು ಎಳೆ ಮೇಲೆ ಸಿಕ್ಕಿದ್ದರೆ ಇನ್ನೊಂದು ಕೆಳಗಿಲ್ಲ ಎಂದು ಯಾರು ಹೇಳಿದರು ಎಂದ ಬೈರೇಶ್. ಒಂದೊಂದು ತೂತಿಗೂ ಪೆಟ್ರೋಲ್ ಹಾಯಿಸಿ, ಗಾಳಿ ಹೊಡೆದು, ಆ ಕಡೆ ಬಿಳಿ ಕಾಗದ ಹಿಡಿದು ಏನು ಬೀಳುತ್ತದೆಂದು ನೋಡಿದ. ತೂತಿನೊಳಗೆ ಬಟ್ಟೆ ಹೋಗಲಿಲ್ಲ. ಹೊರಗಡೆ ಒರೆಸಲು ಅವನ ತಾಯಿ ಪುಟ್ಟಲಕ್ಷ್ಮಮ್ಮನ ಹಳೆಯ ಹತ್ತಿ ಸೀರೆ ಬಂತು. ರೇಷ್ಮೆಯ ಚೀಲವನ್ನು ಸಾಬೀರ್ ವಾಪಸು ಒಯ್ದ.

ಹೆಡ್ ಕೂರಿಸಿದ ಮೇಲೆ ಮುಚ್ಚಳ ಹಾಕಲಿಲ್ಲ. ಸ್ಪಾರ್ಕ್ ಪ್ಲಗ್ ಕಳಚಿ, ಇಂಜಿನ್ ಏಳದಂತೆ ಮಾಡಿ, ಕೈಯಿಂದ ಕಿಕ್ಕರನ್ನು ಒತ್ತುತ್ತ ಕ್ಯಾಮಿನ ಮೇಲೆ ಕಣ್ಣಿಟ್ಟ. ಒತ್ತಿದ, ಒತ್ತಿದ. ಕೊನೆಗೆ ತೂತಿನಿಂದ ಜೇನಿನ ಬಣ್ಣದ ಎಣ್ಣೆ ಒಸರಿ, ಉಬ್ಬನ್ನು ನೆನೆಸಿ, ಅಂಚಿನಿಂದ ಇಳಿಯಿತು. ಮೊದಲ ಸಲವೂ ಇದನ್ನು ನೋಡಬೇಕಿತ್ತು. ಖಾತ್ರಿಯಿದ್ದವನು ನೋಡುವುದಿಲ್ಲ.

"ಈಗ ಮುಚ್ಚು" ಎಂದ ಸಾಬೀರ್.

"ಒಸಿ ತಡಿ. ನೋಡಾಕೆ ಚೆನ್ನಾಗೈತೆ" ಎಂದ ಬೈರೇಶ್.

ಸೋಮವಾರ ಬೆಳಿಗ್ಗೆ ಅಂಗಡಿಯ ಮುಂದೆ ಮಾನ್ಯ ಕಿಕ್ ಹೊಡೆದಳು. ಎದ್ದಿತು. ಅವಳು ಐಸ್ ಪೆಟ್ಟಿಗೆಯನ್ನು ಕ್ಯಾರಿಯರಿಗೆ ಕಟ್ಟಲು ಹೋದಾಗ ಬೈರೇಶ್ ಅದನ್ನು ಕಿತ್ತುಕೊಂಡು, ತಾನೇ ಹಿಂದಿನ ಸೀಟಿನಲ್ಲಿ ಕೂತು ತೊಡೆಯ ಮೇಲಿಟ್ಟುಕೊಂಡ.

"ನೀವ್ಯಾಕಣ್ಣ?"

"ದೊಡ್ಡಪ್ಪನ್ನ ನೋಡಿ ಬಾಳ ದಿನ ಆಯ್ತು."

ಉಯ್ಯಂಬಳ್ಳಿ ದಾಟಿ, ಟಾರು ಮುಗಿದು, ಕಲ್ಲಿನ ದಾರಿ ಹಿಡಿದರು. ದಾರಿಯುದ್ದಕ್ಕೂ ಬೈರೇಶನ ಕಿವಿಯೆಲ್ಲ ತೊಡೆಯ ಕೆಳಗಿನ ಇಂಜಿನ್ನಿನಲ್ಲಿತ್ತು. ಹುಣಿಸೆಹಳ್ಳಕ್ಕೆ ಇಳಿದಾಗ ಮರಳು ಚಕ್ರವನ್ನು ಹಿಡಿಯಿತು, ಇಂಜಿನ್ ದನಿ ಎತ್ತಿತು. ಬಿದಿರಿನ ನೆರಳಿನಲ್ಲಿ ಹಸಿ ಲದ್ದಿ ಬಿದ್ದಿತ್ತು. ಹಳ್ಳದ ಸರಿ ನಡುವೆ, ಮೊದಲು ಗಾಡಿ ಕೈಕೊಟ್ಟ ಜಾಗದಲ್ಲೇ, ಮಾನ್ಯ ಬ್ರೇಕ್ ಹಿಡಿದಳು. ಕೀ ತಿರುಗಿಸಿದಳು. ಇಂಜಿನ್ ನಿಂತಿತು.

"ಏನವ್ವ ಮಾಡ್ದೆ?" ಎಂದ ಬೈರೇಶ್.

"ಮೊದಲನೇ ಕಿಕ್ಕು ಯಜಮಾನರದು ಅಂತೀರಲ್ಲ" ಎಂದಳು ಮಾನ್ಯ, ಮೆಲ್ಲಗೆ. "ಅಂಗಡಿ ಮುಂದೆ ಒದ್ದದ್ದು ಲೆಕ್ಕಕ್ಕಿಲ್ಲ ಅಣ್ಣ. ನಂಗೆ ಏಳಬೇಕಾಗಿರೋದು ಇಲ್ಲಿ."

ಬಿಸಿ ಲೋಹ ತಣಿಯುವ ಸದ್ದು. ಮೇಲೆಲ್ಲೋ ಬಿದಿರಿಗೆ ಬಿದಿರು ಉಜ್ಜುವ ಸದ್ದು. ಗಾಳಿಯೋ ಆನೆಯೋ ತಿಳಿಯಲಿಲ್ಲ. ದೊಡ್ಡಆಲಹಳ್ಳಿಯಲ್ಲಿ ಕೂತು ಆನೆಗೆ ದಾರಿ ತೋರಿಸಿದ್ದ ಬೈರೇಶ್ ಐಸ್ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕೂತಿದ್ದ. ಇಳಿಯುತ್ತೇನೆ ಎನ್ನಲಿಲ್ಲ. ನಾನು ಒದೆಯುತ್ತೇನೆ ಎಂದೂ ಅನ್ನಲಿಲ್ಲ.

"ಒದಿ" ಎಂದ.

ಮಾನ್ಯ ಎದ್ದು ನಿಂತು, ಪೂರ್ತಿ ಮೈಭಾರ ಬಿಟ್ಟು ಒದ್ದಳು. ಒಂದೇ ಒದೆತ. ಇಂಜಿನ್ ಎದ್ದಿತು. ಬಿದಿರುಮೆಳೆಯಿಂದ ಹಕ್ಕಿಗಳು ಹಾರಿದವು. ಅವಳು ಗೇರು ಹಾಕಿ ದಂಡೆ ಹತ್ತಿಸಿದಳು.

ಕರಿಕಲ್ಲುದೊಡ್ಡಿಯಲ್ಲಿ ಹೊನ್ನಯ್ಯ ಕುರಿಗಳನ್ನು ರೊಪ್ಪದಲ್ಲೇ ತಡೆದು ಕಾಯುತ್ತಿದ್ದ. ಹೆಣ್ಣುಮಗಳ ಹಿಂದೆ ಪೆಟ್ಟಿಗೆ ತಬ್ಬಿ ಕೂತು ಬಂದ ತಮ್ಮನ ಮಗನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಇವನಿಗೂ ಒಂದು ಸೂಜಿ ಚುಚ್ಚವ್ವ. ಮುಖ ನೋಡಿದ್ರೆ ಕರುಳುಬೇನೆ ಬಂದಂಗೈತೆ" ಎಂದ.

"ಇಲ್ಲ ತಾತ" ಎಂದಳು ಮಾನ್ಯ. "ಈಗ ವಾಸಿಯಾಯ್ತು."

ಅಂದು ಕೊನೆಯ ಕುರಿಯವರೆಗೂ ಬೈರೇಶನೇ ಹಿಡಿದು ಕೊಟ್ಟ. ಕೈ ಮರೆತಿರಲಿಲ್ಲ. ಆ ವಾರದ ಕೊನೆಗೆ ಮಳೆ ಹಿಡಿಯಿತು, ಹುಲ್ಲು ಎದ್ದಿತು, ದೊಡ್ಡಿಯ ಕುರಿಗಳು ಮೇದು ಮನೆಗೆ ಬಂದವು.

ಬೈರೇಶನ ಜಂಬ ಆಮೇಲೆ ಕಡಿಮೆಯಾಯಿತೇ ಎಂದರೆ, ಇಲ್ಲ. ಅದಕ್ಕೆ ಒಂದು ಹೊಸ ಅಧ್ಯಾಯ ಸೇರಿತು. ಎಲ್ಲ ಅಂಗಡಿಗಳ ಬಾಗಿಲಿಗೂ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿರುತ್ತಾರೆ. ಬೈರೇಶ್ ಅದನ್ನು ತೆಗೆದು, ಆ ಜಾಗದಲ್ಲಿ ಬೆಂದ ಕ್ಯಾಮನ್ನು ತಂತಿಯಲ್ಲಿ ಕಟ್ಟಿ ತೂಗುಹಾಕಿದ. ಇದೇನಪ್ಪ ಎಂದು ಕೇಳಿದವರನ್ನು ಕೂರಿಸಿ, ಟೀ ತರಿಸಿ, ರೇಷ್ಮೆಯಿಂದ ಹಿಡಿದು ಹಳ್ಳದವರೆಗೆ ಪೂರ್ತಿ ಹೇಳುವನು. ತನ್ನ ತಪ್ಪನ್ನು ಅಷ್ಟು ಹೆಮ್ಮೆಯಿಂದ ಹೇಳುವವನನ್ನು ಈ ಸೀಮೆ ಕಂಡಿರಲಿಲ್ಲ. ಕೊನೆಗೆ, "ದೃಷ್ಟಿ ಬೀಳೋದು ಊರೋರದಲ್ಲ ಕಣ್ಲಾ. ನನ್ನ ಕೆಲಸಕ್ಕೆ ನನ್ನ ದೃಷ್ಟೀನೇ ಬೀಳೋದು. ಅದಕ್ಕೆ ಕಟ್ಟಿವ್ನಿ" ಎನ್ನುವನು.

ಕಳೆದ ಚಳಿಗಾಲದಲ್ಲಿ ಅವನು ಹೋದ. ಎದೆನೋವು ಎಂದು ಚಪ್ಪಡಿಯ ಮೇಲೆ ಕೂತವನು ಏಳಲಿಲ್ಲ. ನಲವತ್ತನ್ನು ಆಗಷ್ಟೇ ದಾಟಿದ್ದ. ಅವನನ್ನು ಕರಿಕಲ್ಲುದೊಡ್ಡಿಯಲ್ಲೇ, ಅವರ ಹಿರಿಯರ ಪಕ್ಕದಲ್ಲಿ ಮಣ್ಣು ಮಾಡಿದರು. ಮಾನ್ಯ ತನ್ನ ಗಾಡಿಯಲ್ಲಿ ಪುಟ್ಟಲಕ್ಷ್ಮಮ್ಮನನ್ನು ಹಿಂದೆ ಕೂರಿಸಿಕೊಂಡು ಹುಣಿಸೆಹಳ್ಳ ದಾಟಿಸಿದಳು. ನಿಲ್ಲಿಸಲಿಲ್ಲ.

ಹದಿಮೂರನೆಯ ದಿನದ ಮಾರನೆಗೆ ಸಾಬೀರ್ ಅಂಗಡಿ ತೆರೆದ. ಬಂದವರಲ್ಲಿ ಯಾರೋ, ಮನೆಯಲ್ಲಿ ಸಾವಾಗಿದೆ, ಬಾಗಿಲಲ್ಲಿ ಆ ಸುಟ್ಟ ಕಬ್ಬಿಣ ಬೇಡ, ಈಗಲಾದರೂ ನಿಂಬೆಹಣ್ಣು ಕಟ್ಟು ಎಂದರು. ಸಾಬೀರ್ ಏಣಿ ಹಾಕಿ ಹತ್ತಿದ. ಕ್ಯಾಮನ್ನು ಕೆಳಗಿಳಿಸಿ, ಹಿಡಿದಿದ್ದ ತುಕ್ಕನ್ನು ಪುಟ್ಟಲಕ್ಷ್ಮಮ್ಮನ ಸೀರೆಯ ತುಂಡಿನಿಂದ ಉಜ್ಜಿ ತೆಗೆದು, ಒಂದು ತೊಟ್ಟು ಎಣ್ಣೆ ಬಿಟ್ಟು, ಹೊಸ ತಂತಿಯಲ್ಲಿ ಅಲ್ಲೇ ಕಟ್ಟಿದ. ಆಮೇಲೆ ಇಳಿದು ಬಂದು, ಕೇಳಿದವರನ್ನು ಚಪ್ಪಡಿಯ ಮೇಲೆ ಕೂರಿಸಿ, ಟೀಗೆ ಹೇಳಿ, ರೇಷ್ಮೆಯಿಂದ ಶುರುಮಾಡಿದ.